ಯುವಿ ದೀಪ ಹಚ್ಚಿದಾಗ ಓಜೋನ್ ಹುಟ್ಟದಂತೆ ನೋಡಿಕೊಳ್ಳುವುದು ಹೇಗೆ?

ನಮ್ಮದು ಬಾಳೆ ಸಸಿ ಮಾಡುವ ಟಿಶ್ಯೂ ಕಲ್ಚರ್ ಲ್ಯಾಬ್. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ರೋಗಾಣು ಕೊಲ್ಲಲು ಅರ್ಧ ಗಂಟೆ ಯುವಿ, ಅಂದರೆ ನೇರಳಾತೀತ ದೀಪ, ಹಾಕುವುದು ಇಲ್ಲಿ ದಿನದ ಮೊದಲ ಕೆಲಸ. ಒಮ್ಮೆ, ಸಸಿಗಳನ್ನು ಬಾಟಲಿಯಿಂದ ಬಾಟಲಿಗೆ ಬದಲಿಸುವ ಟ್ರಾನ್ಸ್‌ಫರ್ ರೂಮಿನ ಗೋಡೆಯ ಟ್ಯೂಬ್ ಹೋಯಿತು. ಅದೇ ಅಳತೆಯದು ಸಿಗಲಿಲ್ಲ ಅಂತ ಅಂಗಡಿಯವರು ಬೇರೊಂದು ದೀಪ ಕೊಟ್ಟರು. "ಇದು ಇನ್ನೂ ಪವರ್‌ಫುಲ್" ಅಂದರು. ತಂದು ಹಾಕಿದೆವು.

ಎರಡನೇ ದಿನಕ್ಕೆ ಒಳಗೆ ಕೂರುವ ಹುಡುಗಿಯರು, "ಮೇಡಂ, ಜೆರಾಕ್ಸ್ ಅಂಗಡಿ ವಾಸನೆ ಬರ್ತಿದೆ" ಅಂದರು. ಹೊಸ ದೀಪ ಅಲ್ವಾ, ನಾಲ್ಕು ದಿನಕ್ಕೆ ಹೋಗುತ್ತೆ ಅಂದುಕೊಂಡೆ. ವಾರದೊಳಗೆ ಒಬ್ಬಳಿಗೆ ಕೆಮ್ಮು ಹಿಡಿಯಿತು. ಅವಳಿಗೆ ಮೊದಲೇ ವೀಸಿಂಗ್ ಇತ್ತು. ಆಮೇಲೆ ಕಣ್ಣಿಗೆ ಬಿದ್ದದ್ದು ರಬ್ಬರ್ ಬ್ಯಾಂಡ್‌ಗಳು. ಬಾಟಲಿಯ ಬಾಯಿಗೆ ಬಿಗಿದಿದ್ದ ಬ್ಯಾಂಡ್‌ಗಳಲ್ಲಿ, ಎಳೆತಕ್ಕೆ ಅಡ್ಡಲಾಗಿ, ಬ್ಲೇಡಿನಿಂದ ಗೀರಿದಂಥ ಸಣ್ಣ ಸಣ್ಣ ಬಿರುಕು. ದೀಪದ ಬೆಳಕೇ ಬೀಳದ ರ್‍ಯಾಕ್ ಕೆಳಗಿನವೂ ಹಾಗೇ ಆಗಿದ್ದವು. ಮುಟ್ಟಿದರೆ ಪಟ್ ಅಂತ ತುಂಡಾಗುತ್ತಿದ್ದವು. ಆಗ ದೀಪದ ಡಬ್ಬ ಹುಡುಕಿ ಓದಿದೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "185 ಎನ್‌ಎಂ, ಓಜೋನ್" ಅಂತ ಬರೆದಿತ್ತು.

ಆ ಡಬ್ಬ ಮೊದಲೇ ಓದಿದ್ದರೆ ಆ ಹುಡುಗಿ ವಾರವಿಡೀ ಕೆಮ್ಮುವುದು ತಪ್ಪುತ್ತಿತ್ತು. ಆಗ ಕಲಿತದ್ದನ್ನು, ಆಮೇಲೆ ಮಾಡಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಲ್ಯಾಬ್, ಕ್ಲಿನಿಕ್, ಅಣಬೆ ಬೀಜ ಮಾಡುವ ಕೋಣೆ, ಎಲ್ಲಿ ಯುವಿ ಹಾಕುತ್ತೀರೋ ಅಲ್ಲೆಲ್ಲ ಇದು ಅನ್ವಯಿಸುತ್ತದೆ.

ಆ ವಾಸನೆ ಎಲ್ಲಿಂದ ಬರುತ್ತದೆ?

ಸೋಂಕು ತೆಗೆಯುವ ಮಾಮೂಲಿ ಯುವಿ ಟ್ಯೂಬ್ ಒಳಗೆ ಚೂರು ಪಾದರಸದ ಆವಿ ಇರುತ್ತದೆ. ಕರೆಂಟ್ ಹರಿದಾಗ ಆ ಆವಿಯಿಂದ ಮುಖ್ಯವಾಗಿ ಎರಡು ಬಗೆಯ ಯುವಿ ಕಿರಣ ಹೊರಡುತ್ತವೆ. ಒಂದರ ತರಂಗಾಂತರ 254 ನ್ಯಾನೋಮೀಟರ್ (ಎನ್‌ಎಂ). ಇನ್ನೊಂದರದು 185. ರೋಗಾಣುಗಳ ಡಿಎನ್‌ಎ ಕೆಡಿಸಿ ಅವು ಮರಿ ಮಾಡದಂತೆ ತಡೆಯುವ ಕೆಲಸವನ್ನು 254 ಮಾಡುತ್ತದೆ. ನಮಗೆ ಬೇಕಾಗಿರುವುದು ಅದೊಂದೇ.

185 ಮಾಡುವ ಕೆಲಸ ಬೇರೆ. ಗಾಳಿಯ ಆಮ್ಲಜನಕದಲ್ಲಿ ಎರಡೆರಡು ಪರಮಾಣು ಜೊತೆಯಾಗಿರುತ್ತವೆ ಅಲ್ವಾ, ಆ ಜೋಡಿಯನ್ನು ಒಡೆಯುವಷ್ಟು ಶಕ್ತಿ ಈ ಕಿರಣಕ್ಕಿದೆ. ಒಡೆದು ಒಂಟಿಯಾದ ಪರಮಾಣು ಪಕ್ಕದ ಇನ್ನೊಂದು ಜೋಡಿಗೆ ಹೋಗಿ ಅಂಟಿಕೊಳ್ಳುತ್ತದೆ. ಮೂರು ಪರಮಾಣುಗಳ ಆ ಗುಂಪೇ ಓಜೋನ್. ಆಮ್ಲಜನಕದ ಜೋಡಿ ಒಡೆಯಲು ತರಂಗಾಂತರ ಸುಮಾರು 242 ನ್ಯಾನೋಮೀಟರ್‌ಗಿಂತ ಕಡಿಮೆ ಇರಬೇಕು. 254ರ ಕೈಲಿ ಅದು ಆಗುವುದಿಲ್ಲ. 254 ಓಜೋನನ್ನು ಹುಟ್ಟಿಸುವ ಬದಲು ಒಡೆಯುತ್ತದೆ. ಹಾಗಂತ 185 ಹುಟ್ಟಿಸಿದ್ದನ್ನೆಲ್ಲ ಅದು ಸರಿಮಾಡಿಬಿಡುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ನಮ್ಮ ರಬ್ಬರ್ ಬ್ಯಾಂಡ್‌ಗಳು ಬಿರುಕು ಬಿಟ್ಟದ್ದು 254 ಕೂಡ ಉರಿಯುತ್ತಿದ್ದ ಕೋಣೆಯಲ್ಲೇ.

ಹಾಗಾದರೆ ಎಲ್ಲ ಟ್ಯೂಬೂ ಓಜೋನ್ ಯಾಕೆ ಮಾಡುವುದಿಲ್ಲ? ಗುಟ್ಟು ಇರುವುದು ಗಾಜಿನಲ್ಲಿ. ಶುದ್ಧ ಕ್ವಾರ್ಟ್ಜ್ ಗಾಜು ಎರಡೂ ಕಿರಣಗಳನ್ನು ಹೊರಗೆ ಬಿಡುತ್ತದೆ. ಅದೇ ಕ್ವಾರ್ಟ್ಜ್‌ಗೆ ಚೂರು ಟೈಟಾನಿಯಂ ಬೆರೆಸಿದರೆ 185 ಗಾಜಿನಲ್ಲೇ ನಿಲ್ಲುತ್ತದೆ, 254 ಹೊರಬರುತ್ತದೆ. ಇದಕ್ಕೆಂದೇ ಮಾಡಿದ ಮೆದು ಗಾಜಿನ ಟ್ಯೂಬ್‌ಗಳೂ ಇದೇ ಕೆಲಸ ಮಾಡುತ್ತವೆ. ಲ್ಯಾಮಿನಾರ್‌ನಲ್ಲಿ (ಫಿಲ್ಟರ್ ಆದ ಶುದ್ಧ ಗಾಳಿ ಬೀಸುವ ಕೆಲಸದ ಮೇಜು) ಸಾಮಾನ್ಯವಾಗಿ ಬರುವ ಫಿಲಿಪ್ಸ್ ಟಿಯುವಿ ಟ್ಯೂಬ್‌ಗಳ ಗಾಜು 185 ತಡೆಯುವಂಥದ್ದು. ನಮ್ಮ ಹಳೆ ಟ್ಯೂಬ್ ವರ್ಷಗಟ್ಟಲೆ ಉರಿದರೂ ಯಾರಿಗೂ ಕೆಮ್ಮು ಬರದೇ ಇದ್ದದ್ದು ಇದಕ್ಕೇ.

ಎಷ್ಟಾದರೆ ಜಾಸ್ತಿ?

ಓಜೋನ್ ವಿಷಯದಲ್ಲಿ ಲೆಕ್ಕ ತುಂಬ ಸಣ್ಣ ಪ್ರಮಾಣಗಳಲ್ಲಿ ನಡೆಯುತ್ತದೆ. ಅಮೆರಿಕದಲ್ಲಿ ಕೆಲಸದ ಜಾಗಕ್ಕೆ 8 ಗಂಟೆಯ ಸರಾಸರಿ ಮಿತಿ 0.1 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ ಇಷ್ಟು ಪಾಲು ಅನ್ನುವ ಅಳತೆ). ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವೈದ್ಯಕೀಯ ಸಾಧನಗಳಿಗೆ ಇಟ್ಟಿರುವ ಮಿತಿ 0.05 ಪಿಪಿಎಂ. ನಮ್ಮ ದೇಶದ 2009ರ ವಾಯು ಗುಣಮಟ್ಟ ಮಾನದಂಡದಲ್ಲಿ ಹೊರಗಿನ ಗಾಳಿಗೆ 8 ಗಂಟೆಯ ಮಿತಿ ಘನ ಮೀಟರ್‌ಗೆ 100 ಮೈಕ್ರೋಗ್ರಾಂ. ಅದೂ ಹತ್ತಿರಹತ್ತಿರ 0.05 ಪಿಪಿಎಂ ಆಗುತ್ತದೆ.

ಇದನ್ನು ನಿಮ್ಮ ಕೋಣೆಗೆ ತಂದು ನೋಡಿ. 10 ಅಡಿ ಅಗಲ, 11 ಅಡಿ ಉದ್ದ, 10 ಅಡಿ ಎತ್ತರದ ರೂಮು ಅಂದರೆ 1,100 ಘನ ಅಡಿ. 35.3ರಿಂದ ಭಾಗಿಸಿದರೆ ಸುಮಾರು 31 ಘನ ಮೀಟರ್. 0.1 ಪಿಪಿಎಂ ಅಂದರೆ ಘನ ಮೀಟರ್‌ಗೆ ಸುಮಾರು 200 ಮೈಕ್ರೋಗ್ರಾಂ ಓಜೋನ್. ಅಲ್ಲಿಗೆ ಇಡೀ ರೂಮಿಗೆ 6 ಮಿಲಿಗ್ರಾಂ. ಒಂದು ಅಕ್ಕಿ ಕಾಳಿನ ತೂಕ 15ರಿಂದ 20 ಮಿಲಿಗ್ರಾಂ. ಅರ್ಧ ಅಕ್ಕಿ ಕಾಳಿಗಿಂತ ಕಡಿಮೆ ಓಜೋನ್ ಸಾಕು, ಇಡೀ ರೂಮು ಮಿತಿ ಮುಟ್ಟಲು. ಈ ಲೆಕ್ಕ ಹಾಕಿದ ದಿನ ನಾನು ಬೆಚ್ಚಿಬಿದ್ದೆ.

"ಓಜೋನ್ ಕೂಡ ರೋಗಾಣು ಕೊಲ್ಲುತ್ತೆ ಅಲ್ವಾ, ಇದ್ದರೆ ಒಳ್ಳೆಯದೇ ಅಲ್ವಾ?" ಅಂತ ಕೇಳುವವರಿದ್ದಾರೆ. ಅಂಗಡಿಯವರೂ ಹಾಗೇ ಹೇಳಿ ಮಾರುತ್ತಾರೆ. ಗಾಳಿಯಲ್ಲಿ ಓಜೋನ್ ನಿಜವಾಗಿ ಸೋಂಕು ತೆಗೆಯಬೇಕಾದರೆ ಈ ಮಿತಿಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ ಬೇಕು. ಮನುಷ್ಯ ಉಸಿರಾಡಬಹುದಾದ ಪ್ರಮಾಣದಲ್ಲಿ ಅದರಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಗಂಟಲು ಉರಿ, ಒಣಕೆಮ್ಮು, ಎದೆ ಬಿಗಿತ ಮಾತ್ರ ಗ್ಯಾರಂಟಿ. ಉಬ್ಬಸ ಇದ್ದವರಿಗೆ ಇನ್ನೂ ಕಷ್ಟ.

ಹಂತ 1: ನಿಮ್ಮ ದೀಪ ಯಾವುದು ಅಂತ ಪತ್ತೆ ಹಚ್ಚಿ

ಬೇರೇನೂ ಮಾಡಲು ಆಗದಿದ್ದರೂ ಇದೊಂದನ್ನು ಇವತ್ತೇ ಮಾಡಿ. ದೀಪ ಆರಿಸಿ, ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಟ್ಯೂಬ್‌ನ ಎರಡೂ ತುದಿ ನೋಡಿ. ಲೋಹದ ಕ್ಯಾಪ್ ಹತ್ತಿರ ಸಣ್ಣದಾಗಿ ಅಚ್ಚಾಗಿರುತ್ತದೆ.

"ಓಜೋನ್ ಫ್ರೀ" ಅಂತಲೋ ಬರೀ "254 ಎನ್‌ಎಂ" ಅಂತಲೋ ಇದ್ದರೆ ಒಳ್ಳೆಯ ಲಕ್ಷಣ. "185", "185+254", "ವಿತ್ ಓಜೋನ್", "ಓಜೋನ್ ಪ್ರೊಡ್ಯೂಸಿಂಗ್" ಇವುಗಳಲ್ಲಿ ಯಾವುದಿದ್ದರೂ ಅದು ಜನ ಕೂರುವ ಕೋಣೆಗೆ ಹೇಳಿದ್ದಲ್ಲ. ಎಷ್ಟೋ ಕಂಪನಿಗಳು ಮಾಡೆಲ್ ನಂಬರ್ ಕೊನೆಯಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಹಾಕುತ್ತವೆ. ಅದು ಓಜೋನ್ ಕಡಿಮೆ ಅನ್ನುವ ಗುರುತು. ವಿಎಚ್ ಅಂತಿದ್ದರೆ ಓಜೋನ್ ಬಹಳ ಜಾಸ್ತಿ ಮಾಡುವ ದೀಪ. ಎಲ್ಲ ಕಂಪನಿಗೂ ಇದೇ ನಿಯಮ ಅಲ್ಲ. ಅದಕ್ಕೆ ಮಾಡೆಲ್ ನಂಬರ್ ಹಿಡಿದು ಕಂಪನಿಯ ಡೇಟಾಶೀಟ್ ತೆಗೆದು ನೋಡಿ.

ಬರೀ ಗಾಜು ನೋಡಿ ಹೇಳುತ್ತೇನೆ ಅನ್ನುವವರ ಮಾತು ನಂಬಬೇಡಿ. ಶುದ್ಧ ಕ್ವಾರ್ಟ್ಜೂ ಪಳಪಳ, ಟೈಟಾನಿಯಂ ಬೆರೆತದ್ದೂ ಪಳಪಳ. ಕಣ್ಣಿಗೆ ಎರಡೂ ಒಂದೇ. ಬೆಳಕಿನ ನೀಲಿ ಬಣ್ಣ ನೋಡಿಯೂ ಹೇಳಲಾಗದು. ಉರಿಯುವ ದೀಪವನ್ನು ನೋಡಲೇಬಾರದು, ಆ ಮಾತು ಬೇರೆ.

ಅಚ್ಚೂ ಇಲ್ಲ, ಡಬ್ಬವೂ ಇಲ್ಲ, ಮಾಡೆಲ್ ನಂಬರೂ ಸಿಗಲಿಲ್ಲ ಅಂದರೆ ಅದನ್ನು ಓಜೋನ್ ದೀಪ ಅಂತಲೇ ಲೆಕ್ಕ ಹಿಡಿಯಿರಿ. ಕೊರೊನಾ ಸಮಯದಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಮೇಜಿನ ಮೇಲಿಡುವ ದೀಪಗಳು ಎಷ್ಟೋ ಮನೆಗಳಲ್ಲಿ ಹಾಗೇ ಬಿದ್ದಿವೆ. ಅವು ಓಜೋನ್ ಇರುವುದು, ಇಲ್ಲದ್ದು ಅಂತ ಎರಡು ಬಗೆಯಲ್ಲಿ ಮಾರಾಟವಾದವು. ಮನೆಯಲ್ಲಿದ್ದರೆ ಮೊದಲು ಅದನ್ನು ತೆಗೆದು ನೋಡಿ.

ಹಂತ 2: ಸರಿಯಾದ ದೀಪ ಹಾಕಿ

ನನ್ನ ಅಭಿಪ್ರಾಯ ಸ್ಪಷ್ಟ. ಓಜೋನ್ ಹುಟ್ಟಿದ ಮೇಲೆ ಓಡಿಸುವುದಕ್ಕಿಂತ ಹುಟ್ಟದಂತೆ ಮಾಡುವುದು ಸುಲಭ, ಅಗ್ಗ, ನಂಬಿಕಸ್ಥ. ಫ್ಯಾನ್ ಕೈಕೊಡಬಹುದು, ಯಾರೋ ಸ್ವಿಚ್ ಮರೆಯಬಹುದು. 185 ತಡೆಯುವ ಗಾಜು ಯಾವತ್ತೂ ಮರೆಯುವುದಿಲ್ಲ. ನಮ್ಮಂಥ ಲ್ಯಾಬ್‌ಗಳಿಗಂತೂ ಇದು ಇನ್ನೂ ಮುಖ್ಯ. ಧೂಳು, ಬೂಸ್ಟು ಬರಬಾರದು ಅಂತ ರೂಮನ್ನು ಬಿಗಿಯಾಗಿ ಮುಚ್ಚಿರುತ್ತೇವೆ. ಕಿಟಕಿ ತೆರೆದು ಗಾಳಿ ಆಡಿಸುವುದು ನಮಗೆ ಅಷ್ಟು ಸಲೀಸಲ್ಲ.

ಅಂಗಡಿಯಲ್ಲಿ "ಯುವಿ ಟ್ಯೂಬ್ ಕೊಡಿ" ಅಂತ ಕೇಳಬೇಡಿ. "254, ಓಜೋನ್ ಫ್ರೀ, ಇಂತಿಷ್ಟು ವ್ಯಾಟ್, ಇಂತಿಷ್ಟು ಉದ್ದ" ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಿಲ್ಲಿನಲ್ಲಿ ಮಾಡೆಲ್ ನಂಬರ್ ಬರೆಸಿ. 18 ಇಂಚಿನ ಟ್ಯೂಬ್ ಸಾಮಾನ್ಯವಾಗಿ 15 ವ್ಯಾಟ್, 3 ಅಡಿಯದು 30 ವ್ಯಾಟ್.

ಬೇರೆ ಬಗೆಯ ದೀಪಗಳ ಬಗ್ಗೆ ನಾಲ್ಕು ಮಾತು. ಯುವಿ-ಸಿ ಎಲ್‌ಇಡಿಗಳು ಸಾಮಾನ್ಯವಾಗಿ 265ರಿಂದ 280 ನ್ಯಾನೋಮೀಟರ್‌ನಲ್ಲಿ ಕೆಲಸ ಮಾಡುತ್ತವೆ. ಓಜೋನೂ ಇಲ್ಲ, ಪಾದರಸವೂ ಇಲ್ಲ. ಸಣ್ಣ ಪೆಟ್ಟಿಗೆಗೆ, ನೀರಿನ ಬಾಟಲಿಗೆ ಚೆನ್ನ. ದೊಡ್ಡ ರೂಮಿಗೆ ಸಾಲುವುದಿಲ್ಲ. ನೇರಳೆ ಬೆಳಕಿನ ಸಾಮಾನ್ಯ ಎಲ್‌ಇಡಿಯನ್ನೂ "ಯುವಿ" ಅಂತ ಮಾರುತ್ತಾರೆ. ಅದರಿಂದ ಓಜೋನ್ ಬರದು, ಸೋಂಕೂ ಹೋಗದು. ಈಚೆಗೆ ಬಂದಿರುವ 222 ನ್ಯಾನೋಮೀಟರ್ ದೀಪ, ಫಾರ್ ಯುವಿ-ಸಿ ಅನ್ನುತ್ತಾರಲ್ಲ, ಅದು 242ಕ್ಕಿಂತ ಕೆಳಗಿದೆ. ಹಾಗಾಗಿ ಸ್ವಲ್ಪವಾದರೂ ಓಜೋನ್ ಹುಟ್ಟಿಸುತ್ತದೆ. ಜನ ಇರುವಾಗಲೇ ಗಂಟೆಗಟ್ಟಲೆ ಉರಿಸುವ ದೀಪ ಅದು. ಗಾಳಿ ಆಡದ ರೂಮಿನಲ್ಲಿ ಆ ಸ್ವಲ್ಪವೇ ಸೇರಿ ಜಾಸ್ತಿಯಾಗುತ್ತದೆ. ಝಗ್ ಝಗ್ ಅಂತ ಮಿಂಚುವ ಕ್ಸೆನಾನ್ ದೀಪದ ಬೆಳಕಿನಲ್ಲಿ 242ಕ್ಕಿಂತ ಕೆಳಗಿನ ಕಿರಣವೂ ಇರುತ್ತದೆ. ಅದನ್ನು ಬಳಸಿದರೆ ಆಮೇಲೆ ರೂಮಿನ ಗಾಳಿ ಬದಲಿಸುವುದು ಒಳ್ಳೆಯದು.

ಹಳೆ ಓಜೋನ್ ದೀಪಕ್ಕೆ ಸಾದಾ ಗಾಜಿನ ಕೊಳವೆ ತೊಡಿಸಿ ಉಪಯೋಗಿಸಬಹುದಾ ಅಂತ ಒಬ್ಬರು ಕೇಳಿದ್ದರು. ಬೇಡ. ಕಿಟಕಿಯ ಗಾಜು 185 ಜೊತೆಗೆ 254ನ್ನೂ ತಡೆಯುತ್ತದೆ. ದೀಪ ನೀಲಿಯಾಗಿ ಉರಿಯುತ್ತಲೇ ಇರುತ್ತದೆ, ಕೆಲಸ ಮಾತ್ರ ಸೊನ್ನೆ. ಟೈಟಾನಿಯಂ ಬೆರೆತ ಕ್ವಾರ್ಟ್ಜ್ ಕೊಳವೆ ಸಿಗುತ್ತದೆ, ದೊಡ್ಡ ಯಂತ್ರಗಳಲ್ಲಿ ಹಾಕುತ್ತಾರೆ. ನಮ್ಮಂಥವರಿಗೆ ಟ್ಯೂಬ್ ಬದಲಿಸುವುದೇ ಲೇಸು.

ಹಂತ 3: ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಹಚ್ಚಿ

ರಾತ್ರಿ ಮನೆಗೆ ಹೋಗುವಾಗ ಯುವಿ ಹಾಕಿ ಬೆಳಿಗ್ಗೆ ಬಂದು ಆರಿಸುವ ಅಭ್ಯಾಸ ಎಷ್ಟೋ ಕಡೆ ಇದೆ. ಅಷ್ಟು ಹೊತ್ತು ಬೇಡ. ಲೆಕ್ಕ ನೋಡಿ.

30 ವ್ಯಾಟ್‌ನ ಒಳ್ಳೆಯ ಟ್ಯೂಬ್ ಹೊಸದಿದ್ದಾಗ 1 ಮೀಟರ್ ದೂರದಲ್ಲಿ ಚದರ ಸೆಂಟಿಮೀಟರ್‌ಗೆ ಸುಮಾರು 100 ಮೈಕ್ರೋವ್ಯಾಟ್ ಕೊಡುತ್ತದೆ. ಅಂದರೆ ಸೆಕೆಂಡಿಗೆ 0.1 ಮಿಲಿಜೌಲ್. ಇ. ಕೋಲೈ ಬ್ಯಾಕ್ಟೀರಿಯಾ ನೂರರಲ್ಲಿ ತೊಂಬತ್ತು ಸಾಯಲು 3 ಮಿಲಿಜೌಲ್ ಸಾಕು. ಅದು ಅರ್ಧ ನಿಮಿಷದ ಮಾತು. ಕಪ್ಪು ಬೂಸ್ಟು, ಆಸ್ಪರ್ಜಿಲಸ್ ನೈಜರ್, ಗಟ್ಟಿ ಪಿಂಡ. ಅದಕ್ಕೆ ಅದೇ ತೊಂಬತ್ತಕ್ಕೆ ಸುಮಾರು 132 ಮಿಲಿಜೌಲ್ ಬೇಕು. 1 ಮೀಟರ್ ದೂರದಲ್ಲಿ 22 ನಿಮಿಷ. ಲ್ಯಾಮಿನಾರ್ ಒಳಗೆ ಟ್ಯೂಬ್ ಇನ್ನೂ ಹತ್ತಿರ ಇರುವುದರಿಂದ ಇನ್ನೂ ಬೇಗ ಆಗುತ್ತದೆ. ಹಾಗಾಗಿ ಒರೆಸಿ ಸ್ವಚ್ಛ ಮಾಡಿದ ಮೇಜಿಗೆ 30 ನಿಮಿಷ ನ್ಯಾಯವಾದ ಸಮಯ. ರಾತ್ರಿಯಿಡೀ ಉರಿಸಿದರೆ ಪ್ಲಾಸ್ಟಿಕ್ ಹಳದಿಯಾಗಿ ಪುಡಿಯಾಗುತ್ತದೆ, ಟ್ಯೂಬ್ ಬೇಗ ಸವೆಯುತ್ತದೆ. ಓಜೋನ್ ಮಾಡುವ ದೀಪವಾಗಿದ್ದರೆ ಮುಚ್ಚಿದ ರೂಮಿನಲ್ಲಿ ಅದು ಬೆಳಗಿನತನಕ ಹುಟ್ಟುತ್ತಲೇ ಇರುತ್ತದೆ.

ಇಷ್ಟು ಹೊತ್ತಿನಲ್ಲೇ ಕೆಲಸ ಆಗಬೇಕಾದರೆ ಟ್ಯೂಬ್ ಸ್ವಚ್ಛವಾಗಿರಬೇಕು. ವಾರಕ್ಕೊಮ್ಮೆ, ತಣ್ಣಗಿರುವಾಗ, ನೂಲು ಬಿಡದ ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಿ. ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಕೂತರೆ ಅಲ್ಲಿ ಬೆಳಕು ಕುಗ್ಗುತ್ತದೆ. ಸ್ಪಿರಿಟ್ ಪೂರ್ತಿ ಆರುವ ತನಕ ಸ್ವಿಚ್ ಹಾಕಬೇಡಿ, ಬೆಂಕಿ ಹತ್ತುವ ಅಪಾಯವಿದೆ. ಟ್ಯೂಬ್ ಹಳತಾದರೂ ನೀಲಿ ಬೆಳಕು ಹಾಗೇ ಕಾಣುತ್ತದೆ, ಒಳಗಿನ ಯುವಿ ಮಾತ್ರ ಇಳಿದಿರುತ್ತದೆ. ಅದಕ್ಕೆ ಎಷ್ಟು ಗಂಟೆ ಉರಿಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಡೇಟಾಶೀಟ್ ಹೇಳಿದಷ್ಟು ಗಂಟೆ ಆದ ಮೇಲೆ ಬದಲಿಸಿ. ಎಷ್ಟೋ ಟ್ಯೂಬ್‌ಗಳಿಗೆ ಇದು 9,000 ಗಂಟೆ.

ಟೈಮರ್ ಹಾಕಿಸಿ. ಬಾಗಿಲಿಗೆ ಸ್ವಿಚ್ ಇಡಿಸಿ, ತೆರೆದ ತಕ್ಷಣ ದೀಪ ಆರುವ ಹಾಗೆ. ಇದು ಓಜೋನ್‌ಗಿಂತ ಹೆಚ್ಚಾಗಿ ಕಣ್ಣಿಗಾಗಿ. 254 ಕಣ್ಣಿಗೆ ಬಿದ್ದರೆ ಆಗ ಏನೂ ಗೊತ್ತಾಗುವುದಿಲ್ಲ. ಕೆಲವು ಗಂಟೆ ಬಿಟ್ಟು, ಹೆಚ್ಚಾಗಿ ರಾತ್ರಿ ಹೊತ್ತು, ಕಣ್ಣಿಗೆ ಮರಳು ಹಾಕಿದ ಹಾಗೆ ಉರಿ ಶುರುವಾಗುತ್ತದೆ. ವೆಲ್ಡಿಂಗ್ ನೋಡಿದವರಿಗೆ ಆಗುತ್ತದಲ್ಲ, ಅದೇ.

ಹಂತ 4: ಗಾಳಿ ಬದಲಿಸಿ

ದೀಪ ಓಜೋನ್ ಫ್ರೀ ಆದರೂ ಈ ಹಂತ ಬಿಡಬೇಡಿ. ಸಡಿಲ ಹೋಲ್ಡರ್‌ನಲ್ಲಿ ಕಿಡಿ ಹಾರುತ್ತಿದ್ದರೆ ಅದರಿಂದಲೂ ಓಜೋನ್ ಹುಟ್ಟುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಗಾಳಿ ಬದಲಿಸುವುದಿಲ್ಲ. ಒಳಗಿನ ಗಾಳಿಯನ್ನೇ ಎಳೆದು ತಂಪು ಮಾಡಿ ವಾಪಸ್ ಬಿಡುತ್ತದೆ. ಲ್ಯಾಮಿನಾರ್‌ನ ಹೆಪಾ ಫಿಲ್ಟರ್ ಕೂಡ ಓಜೋನ್ ಹಿಡಿಯುವುದಿಲ್ಲ. ಅದು ಧೂಳು, ಬೂಸ್ಟಿನ ಕಣ ಹಿಡಿಯುತ್ತದೆ. ಅನಿಲ ನುಣುಚಿಕೊಂಡು ಹೋಗುತ್ತದೆ.

ಬೇಕಾಗಿರುವುದು ಎಕ್ಸಾಸ್ಟ್ ಫ್ಯಾನ್, ಜೊತೆಗೆ ಎದುರು ಬದಿಯಲ್ಲಿ ಹೊಸ ಗಾಳಿ ಒಳಬರಲು ದಾರಿ. ಫ್ಯಾನ್ ಡಬ್ಬದ ಮೇಲೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ತಳ್ಳುತ್ತದೆ ಅಂತ ಬರೆದಿರುತ್ತದೆ, ಸಿಎಂಎಚ್ ಅಂತ. ನಮ್ಮ 31 ಘನ ಮೀಟರ್ ರೂಮಿಗೆ ಗಂಟೆಗೆ ಸುಮಾರು 190 ತಳ್ಳುವ ಫ್ಯಾನ್ ಹಾಕಿದರೆ ಗಂಟೆಗೆ 6 ಸಲ ಗಾಳಿ ಬದಲಾದಂತೆ. 10 ನಿಮಿಷಕ್ಕೆ ಒಂದು ಸಲ.

ಹಾಗಂತ 10 ನಿಮಿಷಕ್ಕೆ ಎಲ್ಲ ಹೋಯಿತು ಅಂದುಕೊಳ್ಳಬೇಡಿ. ಬಕೆಟ್‌ನಲ್ಲಿ ಕುಂಕುಮದ ನೀರು ಇದೆ, ಮೇಲಿಂದ ನಲ್ಲಿ ಬಿಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ. ಒಂದು ಬಕೆಟ್ ಹೊಸ ನೀರು ಸುರಿದ ಮೇಲೂ ಕೆಂಪು ಉಳಿದೇ ಇರುತ್ತದೆ, ಯಾಕಂದರೆ ಹೊಸದು ಹಳೆಯದರ ಜೊತೆ ಬೆರೆಯುತ್ತಲೇ ಹೊರಗೆ ಚೆಲ್ಲುತ್ತದೆ. ಗಾಳಿಯೂ ಹಾಗೇ. ಗಂಟೆಗೆ 6 ಸಲದ ಲೆಕ್ಕದಲ್ಲಿ 10 ನಿಮಿಷಕ್ಕೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಉಳಿದಿರುತ್ತದೆ. 20 ನಿಮಿಷಕ್ಕೆ ಏಳರಲ್ಲೊಂದು ಭಾಗ, ಅರ್ಧ ಗಂಟೆಗೆ ಇಪ್ಪತ್ತರಲ್ಲೊಂದು. ಗೋಡೆ, ಬಟ್ಟೆ, ಮೇಜುಗಳಿಗೆ ತಗುಲಿಯೂ ಓಜೋನ್ ಒಡೆಯುತ್ತದೆ. ಹಾಗಾಗಿ ನಿಜದಲ್ಲಿ ಇದಕ್ಕಿಂತ ಬೇಗ ಇಳಿಯುತ್ತದೆ. ಆದರೂ ಅರ್ಧ ಗಂಟೆಯ ಲೆಕ್ಕವನ್ನೇ ಹಿಡಿಯಿರಿ.

ಲ್ಯಾಮಿನಾರ್ ಇರುವವರು ಇಲ್ಲಿ ಸ್ವಲ್ಪ ನಿಂತು ಓದಿ. ಹಿಂದಿನಿಂದ ಮುಂದಕ್ಕೆ ಗಾಳಿ ಬೀಸುವ ಲ್ಯಾಮಿನಾರ್‌ನಲ್ಲಿ ಗಾಳಿ ನೇರ ಬರುವುದು ಕೂತವರ ಮುಖಕ್ಕೆ. ಯುವಿ ಆರಿಸಿದ ತಕ್ಷಣ ಕೂತು ಬ್ಲೋವರ್ ಹಾಕಿದರೆ, ಒಳಗಿದ್ದ ಓಜೋನ್ ಪೂರ್ತಿ ಮೂಗಿಗೇ ಬರುತ್ತದೆ. ನಾವು ಈಗ ಮಾಡುವ ಕ್ರಮ ಹೀಗಿದೆ. ಎಂಟಕ್ಕೆ ಯುವಿ ಹಚ್ಚಿ ಬಾಗಿಲು ಹಾಕುತ್ತೇವೆ. ಎಂಟೂವರೆಗೆ ಟೈಮರ್ ಆರಿಸುತ್ತದೆ, ಎಕ್ಸಾಸ್ಟ್ ಶುರುವಾಗುತ್ತದೆ. ಅದರ ಸ್ವಿಚ್ ರೂಮಿನ ಹೊರಗೇ ಇದೆ. ಎಂಟು ಮುಕ್ಕಾಲಿಗೆ ಒಬ್ಬರು ಹೋಗಿ ಬ್ಲೋವರ್ ಹಾಕಿ ವಾಪಸ್ ಬರುತ್ತಾರೆ. ಒಂಬತ್ತಕ್ಕೆ ಎಕ್ಸಾಸ್ಟ್ ಆರಿಸಿ ಅದರ ಮುಚ್ಚಳ ಹಾಕುತ್ತೇವೆ. ಇನ್ನೊಂದು ಕಾಲು ಗಂಟೆ ಬ್ಲೋವರ್ ಒಂದೇ ಓಡಿ ರೂಮಿನ ಧೂಳನ್ನು ಫಿಲ್ಟರ್‌ಗೆ ಎಳೆದುಕೊಳ್ಳುತ್ತದೆ. ಒಂಬತ್ತೂಕಾಲಿಗೆ ಕೆಲಸ. ಎಕ್ಸಾಸ್ಟ್‌ನಿಂದ ಕಂಟಾಮಿನೇಶನ್ (ಬಾಟಲಿಗೆ ಬೂಸ್ಟು, ಬ್ಯಾಕ್ಟೀರಿಯಾ ಸೇರುವುದು) ಬರುತ್ತೆ ಅಂತ ನನಗೂ ಭಯವಿತ್ತು. ಹೊಸ ಗಾಳಿ ಬರುವ ದಾರಿಗೆ ಫಿಲ್ಟರ್ ಬಟ್ಟೆ ಹಾಕಿ ಈ ಕೊನೆಯ ಕಾಲು ಗಂಟೆ ಸೇರಿಸಿದ ಮೇಲೆ ಆ ಭಯ ಹೋಯಿತು.

ಹಂತ 5: ನೆಲ ಒರೆಸುವುದನ್ನು ಬೇರೆ ಹೊತ್ತಿಗೆ ಇಡಿ

ಇದನ್ನು ಹೇಳುವವರು ಕಡಿಮೆ. ಬಿಳಿ ಫಿನೈಲ್‌ನಲ್ಲಿ ಪೈನ್ ಎಣ್ಣೆ ಇರುತ್ತದೆ. ನಿಂಬೆ ಪರಿಮಳದ ಕ್ಲೀನರ್‌ನಲ್ಲಿ ಲಿಮೋನೀನ್ ಅನ್ನುವ ವಸ್ತು. ಇವುಗಳ ಆವಿ ಓಜೋನ್ ಜೊತೆ ಸೇರಿದರೆ ಫಾರ್ಮಾಲ್ಡಿಹೈಡ್ ಮತ್ತು ಬಹಳ ಸಣ್ಣ ಕಣಗಳು ಹುಟ್ಟುತ್ತವೆ. ಎರಡೂ ಶ್ವಾಸಕ್ಕೆ ಒಳ್ಳೆಯದಲ್ಲ. ಬೆಳಿಗ್ಗೆ ಫಿನೈಲ್ ಹಾಕಿ ಒರೆಸಿ, ಅದೇ ಒದ್ದೆ ನೆಲದ ಮೇಲೆ ಯುವಿ ಹಚ್ಚುವ ಕ್ರಮ ನಮ್ಮಲ್ಲೂ ಇತ್ತು. ಈಗ ಸಂಜೆ ಕೆಲಸ ಮುಗಿದ ಮೇಲೆ, ಪರಿಮಳವಿಲ್ಲದ ಸೋಪಿನ ನೀರಿನಲ್ಲಿ ಒರೆಸುತ್ತೇವೆ. ರೂಮ್ ಫ್ರೆಶ್‌ನರ್, ಊದುಬತ್ತಿ ಒಳಗೆ ಬೇಡವೇ ಬೇಡ.

ಹಂತ 6: ಅಳೆದು ನೋಡಿ

ಮೂಗು ಒಳ್ಳೆಯ ಸಾಧನ, ಆದರೆ ಬೇಗ ಸೋಲುತ್ತದೆ. ಓಜೋನ್ ತುಂಬ ಕಡಿಮೆ ಇದ್ದಾಗಲೇ ವಾಸನೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಮೂಗಿಗೆ ಅದು ಅಭ್ಯಾಸವಾಗಿ ಗೊತ್ತೇ ಆಗುವುದಿಲ್ಲ. ಆದ್ದರಿಂದ ಒಳಗೇ ಇದ್ದವರನ್ನು ಕೇಳಬೇಡಿ. ಹೊರಗಿನಿಂದ ಬಂದವರನ್ನು ಕೇಳಿ. ಹೊಸ ಟ್ಯೂಬ್ ಮೇಲಿನ ಧೂಳು ಕಾದಾಗಲೂ ಒಂದು ಮಂಕು ವಾಸನೆ ಬರುತ್ತದೆ. ಜೆರಾಕ್ಸ್ ಅಂಗಡಿಯ ಚುರುಕು ವಾಸನೆಯೇ ಬೇರೆ.

ಕಡಿಮೆ ಖರ್ಚಿನ ಪರೀಕ್ಷೆ ಒಂದಿದೆ, ಬಹಳ ಹಳೆಯದು. ಓಜೋನ್ ಕಂಡುಹಿಡಿದು 1840ರ ಸುಮಾರಿಗೆ ಅದಕ್ಕೆ ಹೆಸರಿಟ್ಟ ಶೋನ್‌ಬೈನ್ ಎಂಬ ರಸಾಯನ ವಿಜ್ಞಾನಿ ಮಾಡುತ್ತಿದ್ದ ಪರೀಕ್ಷೆ ಇದು. ಬೇಕಾಗುವುದು ಪೊಟ್ಯಾಸಿಯಂ ಅಯೋಡೈಡ್ ಮತ್ತು ಕಾರ್ನ್‌ಫ್ಲೋರ್. ಎಂಎಸ್ ಮೀಡಿಯಾ (ಸಸಿ ಬೆಳೆಸುವ ಪೋಷಕಾಂಶದ ಮಿಶ್ರಣ) ಮಾಡುವ ಲ್ಯಾಬ್‌ನಲ್ಲಿ ಮೊದಲನೆಯದು ಇದ್ದೇ ಇರುತ್ತದೆ. 100 ಮಿಲಿ ಡಿಸ್ಟಿಲ್ಡ್ ನೀರಿಗೆ ಒಂದೂಕಾಲು ಟೀ ಚಮಚ ಕಾರ್ನ್‌ಫ್ಲೋರ್ ಹಾಕಿ, ಕಲಕುತ್ತಾ ಕಾಯಿಸಿ. ಗಂಜಿಯಾಗಿ ಪಾರದರ್ಶಕ ಆಗುತ್ತಿದ್ದಂತೆ ಇಳಿಸಿ, ಕಾಲು ಟೀ ಚಮಚ ಅಯೋಡೈಡ್ ಬೆರೆಸಿ. ತಣ್ಣಗಾದ ಮೇಲೆ ಫಿಲ್ಟರ್ ಪೇಪರ್‌ಗೆ ಬ್ರಶ್‌ನಲ್ಲಿ ಬಳಿದು ಕತ್ತಲಲ್ಲಿ ಒಣಗಿಸಿ, ಪಟ್ಟಿ ಕತ್ತರಿಸಿ, ಕಂದು ಬಾಟಲಿಯಲ್ಲಿ ಮುಚ್ಚಿಡಿ.

ಪರೀಕ್ಷೆಯ ದಿನ ಒಂದು ಪಟ್ಟಿಗೆ ನೀರು ಚಿಮುಕಿಸಿ ರೂಮಿನಲ್ಲಿ ತೂಗುಹಾಕಿ. ಮುಖ್ಯ ವಿಷಯ, ಅದಕ್ಕೆ ಯುವಿ ಬೆಳಕು ನೇರ ಬೀಳಬಾರದು. ಬೆಳಕು ಬಿದ್ದರೆ ಓಜೋನ್ ಇಲ್ಲದಿದ್ದರೂ ಬಣ್ಣ ತಿರುಗಬಹುದು. ಒಂದು ರಟ್ಟಿನ ಮರೆ ಸಾಕು. ಇನ್ನೊಂದು ಒದ್ದೆ ಪಟ್ಟಿಯನ್ನು ಹೊರಗಿನ ಕೋಣೆಯಲ್ಲಿ ಇಡಿ. ಅರ್ಧ ಗಂಟೆಯ ಮೇಲೆ, ಗಾಳಿ ಬದಲಿಸಿದ ನಂತರ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಒಳಗಿನದು ನೇರಳೆಗೆ, ನೀಲಿಗೆ ತಿರುಗಿ, ಹೊರಗಿನದು ಬೆಳ್ಳಗೇ ಇದ್ದರೆ ನಿಮ್ಮ ದೀಪದ ಮೇಲೆ ಅನುಮಾನ ಪಡಬೇಕು. ಬ್ಲೀಚ್ ಬಳಸಿದ ದಿನ ಈ ಪರೀಕ್ಷೆ ಮಾಡಬೇಡಿ, ಅದರ ಆವಿಗೂ ಪಟ್ಟಿ ನೀಲಿಯಾಗುತ್ತದೆ. ಇದು ಓಜೋನ್ ಇದೆಯಾ ಅಂತ ಸುಳಿವು ಕೊಡುತ್ತದೆ, ಎಷ್ಟಿದೆ ಅಂತ ಹೇಳುವುದಿಲ್ಲ.

ಎಷ್ಟಿದೆ ಅಂತ ತಿಳಿಯಲು ಮೀಟರ್ ಬೇಕು. ಕೊಳ್ಳುವುದಕ್ಕಿಂತ ಒಂದು ದಿನಕ್ಕೆ ಬಾಡಿಗೆಗೆ ತಂದರೂ ಸಾಕು. 0.01 ಪಿಪಿಎಂವರೆಗೆ ತೋರಿಸುವಂಥದ್ದು, ಈಚೆಗೆ ಕ್ಯಾಲಿಬ್ರೇಟ್ ಮಾಡಿದ್ದು ಇರಲಿ. ಮೊದಲು ಹೊರಗಿನ ಗಾಳಿ ಅಳೆದು ಬರೆದುಕೊಳ್ಳಿ. ಬೇಸಿಗೆ ಮಧ್ಯಾಹ್ನ ಹೊರಗೇ ಓಜೋನ್ ಜಾಸ್ತಿ ಇರುತ್ತದೆ, ಹಾಗಾಗಿ ಬೆಳಿಗ್ಗೆ ಬೇಗ ಮಾಡಿ. ಆಮೇಲೆ ದೀಪ ಹಚ್ಚುವ ಮೊದಲು ಒಳಗೆ, ಆರಿಸಿದ ತಕ್ಷಣ, ಹತ್ತು ಹತ್ತು ನಿಮಿಷಕ್ಕೊಮ್ಮೆ ಅಳೆಯಿರಿ. ಮೀಟರನ್ನು ಕೂತವರ ಮೂಗಿನ ಎತ್ತರದಲ್ಲಿ ಇಡಿ, ದೀಪದ ಬೆಳಕು ಅದಕ್ಕೆ ಬೀಳದ ಹಾಗೆ. ಹೊರಗಿನ ಅಂಕಿಗೆ ಇಳಿಯಲು ಎಷ್ಟು ನಿಮಿಷ ಹಿಡಿಯಿತೋ ಅದೇ ನಿಮ್ಮ ರೂಮಿನ ಕಾಯುವ ಸಮಯ. ಅದನ್ನು ಬಾಗಿಲ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ. ಒಳಗೆ ಹೋಗುವ ಎಲ್ಲರಿಗೂ ಕಾಣಬೇಕು.

ಈಗಾಗಲೇ ಓಜೋನ್ ದೀಪ ಇದ್ದರೆ

ಇವತ್ತೇ ಬಿಚ್ಚಿ. ಹೊಸದು ಬರುವ ತನಕ ಯುವಿ ಇಲ್ಲದೆ, ಸ್ಪಿರಿಟ್‌ನಲ್ಲಿ ಎರಡು ಸಲ ಒರೆಸಿ, ಬ್ಲೋವರ್ ಜಾಸ್ತಿ ಹೊತ್ತು ಓಡಿಸಿ ಕೆಲಸ ಮಾಡಬಹುದು. ನಾವು ಹಾಗೆ ಹತ್ತು ದಿನ ನಡೆಸಿದೆವು. ಕಂಟಾಮಿನೇಶನ್ ಸ್ವಲ್ಪ ಏರಿತು, ತಡೆಯಲಾಗದಷ್ಟೇನಲ್ಲ. ಅನಿವಾರ್ಯವಾಗಿ ಅದೇ ದೀಪ ಬಳಸಬೇಕಾದರೆ ಎಕ್ಸಾಸ್ಟ್ ದಾರಿಯಲ್ಲಿ ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಹಾಕಿ. ಅದು ಓಜೋನನ್ನು ಒಡೆಯುತ್ತದೆ, ಪಕ್ಕದ ರೂಮಿಗೆ ಹೋಗದಂತೆ ತಡೆಯುತ್ತದೆ. ಕಾರ್ಬನ್ ಸವೆಯುತ್ತದೆ, ಬದಲಿಸುತ್ತಿರಬೇಕು.

ನೀರಿನ ಯುವಿ ಯಂತ್ರದಲ್ಲೂ ಟ್ಯೂಬ್ ಬದಲಿಸುವಾಗ ಇದೇ ಎಚ್ಚರಿಕೆ ಇರಲಿ. ಅಲ್ಲಿ ಟ್ಯೂಬ್ ಮತ್ತು ಹೊರಗಿನ ಕ್ವಾರ್ಟ್ಜ್ ಕೊಳವೆಯ ನಡುವೆ ಸಣ್ಣ ಗಾಳಿಯ ಸಂದು ಇರುತ್ತದೆ. 185 ಟ್ಯೂಬ್ ಹಾಕಿದರೆ ಆ ಸಂದಿನಲ್ಲಿ ಓಜೋನ್ ತುಂಬಿ ವೈರ್, ರಬ್ಬರ್ ರಿಂಗ್ ಕೆಡಿಸುತ್ತದೆ.

ಬಿಚ್ಚಿದ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಬೇಡಿ. ಒಳಗೆ ಪಾದರಸ ಇದೆ. ಹೊಸ ಟ್ಯೂಬ್ ಬಂದ ರಟ್ಟಿನ ಕವಚದಲ್ಲೇ ಹಳೆಯದನ್ನು ಇಟ್ಟು, ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ. ಕೈತಪ್ಪಿ ಒಡೆದರೆ ಎಲ್ಲರೂ ಹೊರಗೆ ಬಂದು, ಕಿಟಕಿ ತೆರೆದು, ಕಾಲು ಗಂಟೆ ಬಿಡಿ. ಆಮೇಲೆ ಕೈಗವಸು ಹಾಕಿಕೊಂಡು ರಟ್ಟಿನ ತುಂಡಿನಿಂದ ಚೂರುಗಳನ್ನು ಒಟ್ಟು ಮಾಡಿ, ಪುಡಿಯನ್ನು ಒದ್ದೆ ಕಾಗದದಲ್ಲಿ ಒತ್ತಿ ತೆಗೆದು, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಎರಡೂ ಬೇಡ. ಅವು ಪಾದರಸವನ್ನು ರೂಮೆಲ್ಲ ಹರಡುತ್ತವೆ.